ಹೊರಗಿದ್ದ ದಿನಗಳು: ಪರದೇಶದ ಊರು ನಮ್ಮದಾಗುವುದು ಹೇಗೆ?

ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಎಕ್ಸೆಲ್ ಹಾಳೆ ಇದೆ. ಲಂಡನ್ನಿಗೆ ಬಂದ ವರ್ಷ ಶುರು ಮಾಡಿದ್ದು. ಯಾವ ತಾರೀಕು ಹೊರಟೆ, ಯಾವ ತಾರೀಕು ವಾಪಸ್ ಬಂದೆ, ಯಾಕೆ ಹೋಗಿದ್ದೆ, ಎಷ್ಟು ದಿನ. ತಂಗಿ ಮದುವೆ, 16. ಅಪ್ಪನ ಆಪರೇಷನ್, 23. ಅಪ್ಪನ ವರ್ಷದ ತಿಥಿ, 9. ದಿನಗಳ ಕಾಲಮ್ಮಿಗೆ ನಾನೇ ಕೊಟ್ಟ ಹೆಸರು ‘ಹೊರಗಿದ್ದ ದಿನಗಳು’.

ಇದು ಹವ್ಯಾಸವಲ್ಲ. ಬ್ರಿಟನ್ನಿನಲ್ಲಿ ಕೆಲಸದ ವೀಸಾ ಮೇಲೆ ಇರುವವರು ಖಾಯಂ ವಾಸದ ಅನುಮತಿ ಕೇಳಬೇಕಾದರೆ ಐದು ವರ್ಷ ಇಲ್ಲಿ ಇದ್ದಿರಬೇಕು ಅನ್ನುವುದು ನಾನು ಬಂದಾಗಿನ ನಿಯಮ. ಆ ಐದು ವರ್ಷದಲ್ಲಿ ಯಾವ ಹನ್ನೆರಡು ತಿಂಗಳು ತೆಗೆದುಕೊಂಡರೂ 180 ದಿನಕ್ಕಿಂತ ಜಾಸ್ತಿ ದೇಶದ ಆಚೆ ಇರುವಂತಿಲ್ಲ. ಹಾಗಾಗಿ ನನ್ನಂಥವರ ಹತ್ತಿರ ಇಂಥದ್ದೊಂದು ಲೆಕ್ಕ ಇದ್ದೇ ಇರುತ್ತದೆ. ತಿಪಟೂರಿನ ಮನೆಯ ಜಗಲಿ ಮೇಲೆ ಕೂತು ಅಮ್ಮ ಕೊಟ್ಟ ಕಾಫಿ ಕುಡಿಯುವಾಗಲೂ ಹಾಳೆಯ ಪ್ರಕಾರ ನಾನು ‘ಹೊರಗೆ’ ಇದ್ದೇನೆ.

‘ಅಲ್ಲೇ ಸೆಟ್ಲ್ ಆದ್ರಾ?’ ಅಂತ ಊರಲ್ಲಿ ಕೇಳುತ್ತಾರೆ. ಹೌದು, ಇಲ್ಲ ಅಂತ ಒಂದು ಮಾತಿನಲ್ಲಿ ಹೇಳಿ ಮುಗಿಸಬಹುದಾದ ವಿಷಯ ಅದು ಅನ್ನುವ ಹಾಗೆ. ಆದರೆ ಪರದೇಶದ ಊರೊಳಗೆ ನಾವು ಒಂದೇ ಬಾಗಿಲಿನಿಂದ ಹೋಗುವುದಿಲ್ಲ. ಕಾಗದ ಹೇಳುವುದು ಒಂದು, ಕಾಲಿಗೆ ಅಭ್ಯಾಸವಾಗುವುದು ಇನ್ನೊಂದು, ನಾಲಿಗೆಗೆ ಹತ್ತುವುದು ಮತ್ತೊಂದು. ಇಷ್ಟೂ ಆದ ಮೇಲೆ ಎದುರಿಗಿರುವವರ ಕಣ್ಣು ಒಪ್ಪಬೇಕು. ಈ ನಾಲ್ಕೂ ಜೊತೆಯಲ್ಲಿ ಬರುವುದಿಲ್ಲ. ಕಾಲು ಒಂದೇ ಚಳಿಗಾಲದಲ್ಲಿ ಪಳಗುತ್ತದೆ. ಕಾಗದಕ್ಕೆ ಐದಾರು ವರ್ಷ ಬೇಕು. ಕಣ್ಣಿಗೆ ಮೂರು ತಲೆಮಾರು ಬೇಕಾಗಬಹುದು. ವಲಸೆ ಹೋದವರ ಗೊಂದಲ ಅಂತ ನಾವು ಕರೆಯುವುದರಲ್ಲಿ ಮುಕ್ಕಾಲು ಪಾಲು ಈ ಹಿಂದುಮುಂದಿನ ಪಾಡೇ ಅನ್ನುವುದು ನನ್ನ ಲೆಕ್ಕ. ತ್ರಿಶಂಕು ಅನ್ನುವ ಮಾತು ನನಗೆ ಅಷ್ಟು ಒಪ್ಪಿಗೆಯಿಲ್ಲ. ಅವನು ಇಡಿಯಾಗಿ ಒಂದೇ ಕಡೆ ನೇತಾಡುತ್ತಿದ್ದ. ನಮ್ಮದು ಹಾಗಲ್ಲ, ಕಾಲು ಆಗಲೇ ಮನೆ ಸೇರಿರುತ್ತದೆ, ಕಾಗದ ಇನ್ನೂ ಕ್ಯೂನಲ್ಲಿ ನಿಂತಿರುತ್ತದೆ.

ಯಾವೂರು ನಿಮ್ದು?

ಬೆಂಗಳೂರಿನಲ್ಲಿ ಹುಟ್ಟಿ, ಬೆಳೆದು, ಅಲ್ಲೇ ಮನೆ ಕಟ್ಟಿದವರನ್ನೂ ನಾವು ‘ಸ್ವಂತ ಊರು ಯಾವುದು?’ ಅಂತ ಕೇಳುತ್ತೇವೆ. ಅವರೂ ತಡಮಾಡದೆ ತುರುವೇಕೆರೆ, ಶಿರಸಿ, ಗಂಗಾವತಿ ಅನ್ನುತ್ತಾರೆ. ವರ್ಷಕ್ಕೆ ಎರಡು ದಿನ ಹೋಗುವ ಜಾಗ ಊರು. ಉಳಿದ 363 ದಿನ ಇರುವ ಜಾಗ ಬರೀ ಬೆಂಗಳೂರು. ದೀಪಾವಳಿಯ ಹಿಂದಿನ ರಾತ್ರಿ ಮೆಜೆಸ್ಟಿಕ್ಕಿನಲ್ಲಿ ಬಸ್ಸಿಗೆ ಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇರುವ ಜಾಗ ಬೇರೆ, ನಮ್ಮದು ಅನ್ನುವ ಜಾಗ ಬೇರೆ ಅನ್ನುವುದನ್ನು ವಿಮಾನ ಹತ್ತುವ ಮೊದಲೇ ಕಲಿತಿರುತ್ತೇವೆ.

ವಿಮಾನ ಹತ್ತಿದ ಮೇಲೆ ಬದಲಾಗುವುದು ಉತ್ತರ. ತಿಪಟೂರಿನಲ್ಲಿ ನನ್ನ ಗುರುತು ಅಂದರೆ ಬೀದಿಯ ಹೆಸರು, ಅಪ್ಪನ ಹೆಸರು. ಬೆಂಗಳೂರಿನಲ್ಲಿ ತಿಪಟೂರಿನವನು. ದೆಹಲಿಯಲ್ಲಿ ಕರ್ನಾಟಕದವನು, ಇಲ್ಲವೇ ಬರೀ ‘ಸೌತ್’. ಲಂಡನ್ನಿನಲ್ಲಿ ಇಂಡಿಯನ್. ಇಲ್ಲಿ ಡಾಕ್ಟರ ಹತ್ತಿರ ಹೆಸರು ಬರೆಸಲು ಹೋದಾಗ ಫಾರಂನಲ್ಲಿ ನನಗಿದ್ದ ಜಾಗ ‘ಏಷಿಯನ್ ಅಥವಾ ಏಷಿಯನ್ ಬ್ರಿಟಿಷ್’. ಬ್ರಿಟನ್ನಿನ ಜನಗಣತಿ ಜನಾಂಗದ ಪ್ರಶ್ನೆ ಕೇಳಲು ಶುರು ಮಾಡಿದ್ದೇ 1991ರಲ್ಲಿ. ‘ಏಷಿಯನ್ ಬ್ರಿಟಿಷ್’ ಅನ್ನುವ ಮಾತು ಅದರೊಳಗೆ ಬಂದದ್ದು 2001ರಲ್ಲಿ. ಇಲ್ಲಿಯವರ ಬಾಯಲ್ಲಿ ಏಷಿಯನ್ ಅಂದರೆ ಸಾಮಾನ್ಯವಾಗಿ ಭಾರತ, ಪಾಕಿಸ್ತಾನ, ಬಾಂಗ್ಲಾದೇಶದ ಕಡೆಯವರು. ಅದೇ ಪದ ಅಮೆರಿಕದಲ್ಲಿ ಹೇಳಿದರೆ ಜನರ ಕಣ್ಣಿಗೆ ಬರುವುದು ಹೆಚ್ಚಾಗಿ ಚೀನಾ, ಕೊರಿಯಾ ಕಡೆಯ ಮುಖ. ಮನುಷ್ಯ ಅವನೇ, ಸಮುದ್ರ ದಾಟಿದರೆ ಚೀಟಿ ಬದಲು. ಗುರುತು ಅನ್ನುವುದು ನಮ್ಮೊಳಗೆ ಗಟ್ಟಿಯಾಗಿ ಕೂತಿರುವ ವಸ್ತು ಅಂದುಕೊಂಡಿರುತ್ತೇವೆ. ಅದರಲ್ಲಿ ದೊಡ್ಡ ಪಾಲನ್ನು ತೀರ್ಮಾನ ಮಾಡುವುದು ಕೇಳುವವರು ಎಲ್ಲಿ ನಿಂತು ಕೇಳುತ್ತಿದ್ದಾರೆ ಅನ್ನುವುದು.

ಕೇಳುವ ರೀತಿಯೂ ಹೌದು. 2022ರ ನವೆಂಬರಿನಲ್ಲಿ ಬಕಿಂಗ್‌ಹ್ಯಾಮ್ ಅರಮನೆಯ ಕಾರ್ಯಕ್ರಮವೊಂದಕ್ಕೆ ಎನ್‌ಗೋಜಿ ಫುಲಾನಿ ಅನ್ನುವ ಕಪ್ಪು ಮಹಿಳೆ ಹೋಗಿದ್ದರು. ಬ್ರಿಟನ್ನಿನಲ್ಲೇ ಹುಟ್ಟಿದವರು, ಆಗ ಲಂಡನ್ನಿನ ಹ್ಯಾಕ್ನಿಯಲ್ಲಿ ಸಂಸ್ಥೆ ನಡೆಸುತ್ತಿದ್ದವರು. ಅರಮನೆಯ ಹಿರಿಯ ಸಹಾಯಕಿಯೊಬ್ಬರು ಅವರನ್ನು ‘ನಿಜವಾಗಿ ಎಲ್ಲಿಯವರು ನೀವು?’ ಅಂತ ಮತ್ತೆ ಮತ್ತೆ ಕೇಳಿದರು. ಹ್ಯಾಕ್ನಿ ಅಂದರೂ ಸಮಾಧಾನವಿಲ್ಲ. ಸುದ್ದಿ ದೊಡ್ಡದಾಗಿ ಆ ಸಹಾಯಕಿ ಹುದ್ದೆ ಬಿಟ್ಟರು. ನೋವು ಇರುವುದು ‘ಎಲ್ಲಿಯವರು’ ಅನ್ನುವುದರಲ್ಲಿ ಅಲ್ಲ, ‘ನಿಜವಾಗಿ’ ಅನ್ನುವುದರಲ್ಲಿ. ಕೊಟ್ಟ ಉತ್ತರ ಸುಳ್ಳು ಅನ್ನುವ ಅರ್ಥ ಅದರೊಳಗೆ ಕೂತಿದೆ.

ನಮ್ಮ ‘ಯಾವೂರು’ ಅಂಥದ್ದಲ್ಲ ಅಂತ ಹೇಳಬೇಕು ಅನಿಸುತ್ತದೆ. ‘ತಿಪಟೂರಾ? ನಮ್ಮ ಚಿಕ್ಕಮ್ಮನ ಮನೆ ಅರಸೀಕೆರೆ’ ಅಂತ ಗಂಟು ಹಾಕುವ ಪ್ರಶ್ನೆ ಅದು. ಪೂರ್ತಿ ನಿಜವೂ ಅಲ್ಲ ಬಿಡಿ. ಯಾವೂರು, ಯಾರ ಪೈಕಿ, ಯಾವ ಬೀದಿ ಅಂತ ಒಂದೊಂದೇ ಮೆಟ್ಟಿಲು ಇಳಿದು ಜಾತಿಯ ಬುಡಕ್ಕೆ ಕೈಹಾಕುವ ಕಲೆ ನಮಗೂ ಚೆನ್ನಾಗಿ ಗೊತ್ತು. ಆ ಪ್ರಶ್ನೆಗೆ ಊರಿನಲ್ಲೇ ಬೆವರಿದವರು ಇದ್ದಾರೆ. ಅಂಥ ಕೆಲವರಿಗೆ ಲಂಡನ್ನಿನ ಅಪರಿಚಿತತನವೇ ಮೊದಲ ಸಲ ಹಾಯಾಗಿ ಉಸಿರಾಡಿದ ಜಾಗ. ತವರು ಬಿಟ್ಟವರೆಲ್ಲ ತವರಿಗಾಗಿ ಹಂಬಲಿಸುತ್ತಾರೆ ಅಂದುಕೊಳ್ಳಬಾರದು.

ಕಾಗದದ ಊರು

ಕಾಗದದ ಕಥೆ 1948ರಿಂದ ಶುರು ಮಾಡಬೇಕು. ಆ ವರ್ಷದ ರಾಷ್ಟ್ರೀಯತೆ ಕಾನೂನಿನ ಪ್ರಕಾರ ಕಾಮನ್‌ವೆಲ್ತ್ ದೇಶದವರು ವೀಸಾ ಇಲ್ಲದೆ ಬ್ರಿಟನ್ನಿಗೆ ಬಂದು ಕೆಲಸ ಮಾಡಬಹುದಿತ್ತು. ಯುದ್ಧದಲ್ಲಿ ಸೊರಗಿದ್ದ ದೇಶಕ್ಕೆ ಕೈಗಳು ಬೇಕಿದ್ದವು. ಅದೇ ವರ್ಷ ಜುಲೈ 5ರಂದು ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಶುರುವಾಯಿತು, ಅದಕ್ಕೆ ಡಾಕ್ಟರು ಬೇಕಿದ್ದರು. ನಮ್ಮ ಎಂಬಿಬಿಎಸ್ ಇಲ್ಲಿ 1975ರವರೆಗೆ ನೇರವಾಗಿ ಸಲ್ಲುತ್ತಿತ್ತು. ಇಲ್ಲಿನ ಕನ್ನಡ ಸಂಘಗಳ ಹಳಬರಲ್ಲಿ ಅಷ್ಟೊಂದು ಡಾಕ್ಟರು ಇರುವುದಕ್ಕೆ ಇದೇ ಕಾರಣ.

ಬಾಗಿಲು ಮುಚ್ಚತೊಡಗಿದ್ದು 1962ರಲ್ಲಿ. 1968ರಲ್ಲಿ ಇನ್ನಷ್ಟು, 1971ರ ಕಾನೂನಿನಲ್ಲಿ ಮತ್ತಷ್ಟು. ಆ ಹೊತ್ತಿಗೆ ಬಂತು ಉಗಾಂಡದ ಪ್ರಕರಣ. 1972ರಲ್ಲಿ ಇದಿ ಅಮೀನ್ ಅಲ್ಲಿದ್ದ ಏಷ್ಯನ್ನರಿಗೆ 90 ದಿನ ಕೊಟ್ಟು ದೇಶ ಬಿಡಿ ಅಂದ. ಹೆಚ್ಚಿನವರು ಗುಜರಾತಿಗಳು. ಸುಮಾರು 28,000 ಜನ ಬ್ರಿಟನ್ನಿಗೆ ಬಂದರು. ಲೆಸ್ಟರ್ ನಗರದ ಕೌನ್ಸಿಲ್ ಉಗಾಂಡದ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ದಯವಿಟ್ಟು ನಮ್ಮೂರಿಗೆ ಬರಬೇಡಿ, ಇಲ್ಲಿ ಜಾಗವಿಲ್ಲ ಅಂದಿತು. ಹಾಗೆ ಜಾಹೀರಾತು ಓದಿದವರೂ ಬಂದರು. ಇವತ್ತು ಅದೇ ಲೆಸ್ಟರಿನ ಬೆಲ್‌ಗ್ರೇವ್ ರಸ್ತೆಯ ದೀಪಾವಳಿ ನೋಡಲು ದೂರದೂರದಿಂದ ಜನ ಬರುತ್ತಾರೆ. ಬೇಡ ಅಂದ ಊರೇ ಕೊನೆಗೆ ಅವರ ಹೆಸರಿನಿಂದ ಪ್ರಸಿದ್ಧವಾಯಿತು.

ಈಗಿನ ದಾರಿ ಲೆಕ್ಕಾಚಾರದ್ದು. ಐದು ವರ್ಷ, 180 ದಿನ, ಇಂಗ್ಲಿಷ್ ಪರೀಕ್ಷೆ, ಅದರ ಮೇಲೆ ‘ಲೈಫ್ ಇನ್ ದಿ ಯುಕೆ’ ಅನ್ನುವ ಪರೀಕ್ಷೆ. 45 ನಿಮಿಷ, 24 ಪ್ರಶ್ನೆ, 18 ಸರಿಯಾಗಬೇಕು. ಅದಕ್ಕಾಗಿ ನಾನು ಎಂಟನೇ ಹೆನ್ರಿಯ ಆರು ಹೆಂಡತಿಯರ ಹೆಸರನ್ನು ಕ್ರಮವಾಗಿ ಬಾಯಿಪಾಠ ಮಾಡಿದೆ. ಯಾವ ವಾರ ಯಾವ ಬಣ್ಣದ ಕಸದ ಡಬ್ಬಿ ಹೊರಗಿಡಬೇಕು ಅನ್ನುವುದು ಆ ಪುಸ್ತಕದಲ್ಲಿ ಇರಲಿಲ್ಲ. ಅದನ್ನು ಹೇಳಿಕೊಟ್ಟವರು ಪಕ್ಕದ ಮನೆ ಅಜ್ಜಿ. ಯಾವುದು ನನ್ನನ್ನು ಆ ಬೀದಿಯವನನ್ನಾಗಿ ಮಾಡಿತು ಅಂತ ಕೇಳಿದರೆ ನಾನು ಡಬ್ಬಿಯ ಪರ.

2025ರ ಮೇ ತಿಂಗಳಲ್ಲಿ ಸರ್ಕಾರ ಈ ಐದು ವರ್ಷವನ್ನು ಸಾಮಾನ್ಯವಾಗಿ ಹತ್ತಕ್ಕೆ ಏರಿಸುವ ಪ್ರಸ್ತಾಪ ಮುಂದಿಟ್ಟಿತು. ಹೊರಗಿನಿಂದ ನೋಡಿದರೆ ಅದೊಂದು ಅಂಕಿ. ಒಳಗಿರುವವರಿಗೆ ಮಗುವನ್ನು ಯಾವ ಶಾಲೆಗೆ ಹಾಕುವುದು, ಮನೆ ಕೊಳ್ಳುವುದೋ ಬೇಡವೋ, ಅಮ್ಮನಿಗೆ ಏನು ಹೇಳುವುದು ಅನ್ನುವುದೆಲ್ಲ ಅದರ ಮೇಲೆ ನಿಂತಿರುತ್ತದೆ. ಇನ್ನೆಷ್ಟು ದಿನ ಇಲ್ಲಿರುತ್ತೇನೆ ಅಂತ ಗೊತ್ತಿಲ್ಲದವನು ಗೋಡೆಗೆ ಮೊಳೆ ಹೊಡೆಯುವುದಿಲ್ಲ. ‘ಇವರು ನಮ್ಮೊಂದಿಗೆ ಬೆರೆಯುವುದಿಲ್ಲ’ ಅಂತ ದೂರುವವರು ಈ ಮೊಳೆಯ ಬಗ್ಗೆ ಸ್ವಲ್ಪ ಯೋಚನೆ ಮಾಡಬೇಕು.

ಖಾಯಂ ವಾಸ ಸಿಕ್ಕಿ ಒಂದು ವರ್ಷವಾದರೆ ಸಾಮಾನ್ಯವಾಗಿ ಪೌರತ್ವಕ್ಕೆ ಅರ್ಜಿ ಹಾಕಬಹುದು. ನನ್ನ ಹೆಂಡತಿ ಹಾಕಿದಳು, ತೆಗೆದುಕೊಂಡಳು. ನಾನು ಇನ್ನೂ ಹಾಕಿಲ್ಲ. ಪೌರತ್ವದ ಸಮಾರಂಭ ಅಂತ ಒಂದಿರುತ್ತದೆ. 2004ರಲ್ಲಿ ಮೊದಲನೆಯದು ನಡೆದದ್ದು ಲಂಡನ್ನಿನ ಬ್ರೆಂಟ್‌ನಲ್ಲಿ. ರಾಜನಿಗೆ ನಿಷ್ಠೆಯ ಪ್ರಮಾಣ, ರಾಷ್ಟ್ರಗೀತೆ, ಫೋಟೋ. ಅವಳು ಮೈಸೂರು ಸಿಲ್ಕ್ ಉಟ್ಟು ಹೋಗಿದ್ದಳು.

ಇದಕ್ಕೆ ಭಾರತದ ಕಡೆ ಬೆಲೆ ತೆರಬೇಕು. 1955ರ ಪೌರತ್ವ ಕಾಯ್ದೆಯ ಪ್ರಕಾರ ಸ್ವಂತ ಇಚ್ಛೆಯಿಂದ ಇನ್ನೊಂದು ದೇಶದ ಪೌರತ್ವ ತೆಗೆದುಕೊಂಡ ಕ್ಷಣವೇ ಭಾರತದ್ದು ಹೋಗುತ್ತದೆ. 2022ರಲ್ಲಿ ಹೀಗೆ ಬಿಟ್ಟುಕೊಟ್ಟವರು 2,25,620 ಜನ. ಅವರಿಗಾಗಿ 2005ರಿಂದ ಓಸಿಐ, ಅಂದರೆ ‘ಓವರ್ಸೀಸ್ ಸಿಟಿಜನ್ ಆಫ್ ಇಂಡಿಯಾ’ ಅನ್ನುವ ಕಾರ್ಡ್ ಇದೆ. ವೀಸಾ ಬೇಡ, ಎಷ್ಟು ದಿನ ಬೇಕಾದರೂ ಇರಬಹುದು. ಆದರೆ ವೋಟಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ, ಹೊಲ ತೋಟ ಕೊಳ್ಳುವಂತಿಲ್ಲ. ‘ಸಿಟಿಜನ್’ ಅನ್ನುವ ಪದ ಕಾರ್ಡಿನ ಹೆಸರಿನಲ್ಲಿ ಇದೆ, ಪೌರತ್ವ ಇಲ್ಲ. ಸಮಾರಂಭದ ಫೋಟೋದಲ್ಲಿ ನಗುತ್ತಿದ್ದವಳು ಹಳೆಯ ಪಾಸ್‌ಪೋರ್ಟು ರದ್ದಾಗಿ ಬಂದ ದಿನ ಅದನ್ನು ಸೀರೆಗಳ ಮಧ್ಯೆ ಎತ್ತಿಟ್ಟಳು. ನಾನು ಏನೂ ಕೇಳಲಿಲ್ಲ.

ಇದರಲ್ಲೊಂದು ತಮಾಷೆಯೂ ಇದೆ. ಬ್ರಿಟನ್ನಿನಲ್ಲಿ ವಾಸಕ್ಕೆ ಅನುಮತಿ ಇರುವ ಕಾಮನ್‌ವೆಲ್ತ್ ದೇಶದವರು ಪೌರತ್ವ ಇಲ್ಲದೆಯೂ ಸಂಸತ್ತಿನ ಚುನಾವಣೆಯಲ್ಲಿ ವೋಟು ಹಾಕಬಹುದು. ನಿನ್ನೆ ಬಂದಿಳಿದ ವಿದ್ಯಾರ್ಥಿಯೂ ಹೆಸರು ನೋಂದಾಯಿಸಬಹುದು. ಇತ್ತ ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿಗಳಿಗೆ ಮತದಾರರ ಪಟ್ಟಿಗೆ ಸೇರುವ ಹಕ್ಕು ಕೊಟ್ಟ ತಿದ್ದುಪಡಿ ಆದದ್ದು 2010ರಲ್ಲಿ, ಅದೂ ಖುದ್ದಾಗಿ ಬೂತಿಗೆ ಬರಬೇಕು ಅನ್ನುವ ಷರತ್ತಿನ ಮೇಲೆ. ಅಂದರೆ ಇಲ್ಲಿನ ಎಂಪಿ ಯಾರಾಗಬೇಕು ಅಂತ ಹೇಳಲು ನಾನು ಬಸ್ ಸ್ಟಾಪಿನ ತನಕ ನಡೆದರೆ ಸಾಕು. ತಿಪಟೂರಿನ ಎಂಎಲ್‌ಎಗೆ ವೋಟು ಹಾಕಬೇಕಾದರೆ ವಿಮಾನದ ಟಿಕೆಟ್ ತೆಗೆಯಬೇಕು.

ಕಾಗದ ಸಿಕ್ಕರೆ ಊರು ಸಿಕ್ಕಿತು ಅಂತಲ್ಲ. ಆದರೆ ಕಾಗದವೇ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದನ್ನು 2018ರಲ್ಲಿ ಇಡೀ ದೇಶ ನೋಡಿತು. 1948ರ ಜೂನ್ 22ರಂದು ಎಂಪೈರ್ ವಿಂಡ್‌ರಷ್ ಅನ್ನುವ ಹಡಗು ಕೆರಿಬಿಯನ್ ಜನರನ್ನು ಹೊತ್ತು ತಂದು ಟಿಲ್‌ಬರಿ ಬಂದರಿನಲ್ಲಿ ಇಳಿಸಿತ್ತು. ಆಗಿನಿಂದ 1970ರ ದಶಕದ ಶುರುವಿನ ತನಕ ಬಂದವರಿಗೆ ವಿಂಡ್‌ರಷ್ ತಲೆಮಾರು ಅನ್ನುತ್ತಾರೆ. ಅಪ್ಪ ಅಮ್ಮನ ಜೊತೆ ಮಕ್ಕಳಾಗಿ ಬಂದು, ಇಲ್ಲೇ ಓದಿ, ದುಡಿದು, ತೆರಿಗೆ ಕಟ್ಟಿ ಮುದುಕರಾದವರು. ಇರುವ ಹಕ್ಕು ಅವರಿಗೆ ಇತ್ತು, ಅದನ್ನು ತೋರಿಸುವ ಕಾಗದ ಬಹಳ ಜನರ ಹತ್ತಿರ ಇರಲಿಲ್ಲ. ಯಾರೂ ಕೊಟ್ಟಿರಲಿಲ್ಲ, ಯಾರೂ ಕೇಳಿರಲಿಲ್ಲ. ಕಾನೂನು ಬಿಗಿಯಾಗಿ ಎಲ್ಲರೂ ಕಾಗದ ಕೇಳತೊಡಗಿದಾಗ ಕೆಲಸ ಹೋಯಿತು, ಮನೆ ಹೋಯಿತು, ಕೆಲವರಿಗೆ ಚಿಕಿತ್ಸೆ ಸಿಗಲಿಲ್ಲ, ಕೆಲವರನ್ನು ದೇಶದಿಂದಲೇ ಕಳಿಸಿಬಿಟ್ಟರು. ಅವರು ಇಲ್ಲಿಗೆ ಬಂದಿಳಿದದ್ದಕ್ಕೆ ಸಾಕ್ಷಿಯಾಗಿದ್ದ ಹಳೆಯ ಲ್ಯಾಂಡಿಂಗ್ ಕಾರ್ಡುಗಳನ್ನು ಸರ್ಕಾರವೇ 2010ರಲ್ಲಿ ನಾಶ ಮಾಡಿತ್ತು. ಆ ಮುದುಕರ ಕಾಲು, ನಾಲಿಗೆ, ನೆರೆಹೊರೆ, ಎಲ್ಲವೂ ಐವತ್ತು ವರ್ಷದಿಂದ ಇಲ್ಲಿಯದೇ ಆಗಿತ್ತು. ಅದಾದ ಮೇಲೆ ನನ್ನ ಎಕ್ಸೆಲ್ ಹಾಳೆಯ ಎರಡು ಕಾಪಿ ಇಟ್ಟುಕೊಂಡಿದ್ದೇನೆ.

ಕಾಲು ಬೇಗ ಕಲಿಯುತ್ತದೆ

ಕಾಲಿನ ವಿಷಯ ಸುಲಭ. ಟ್ಯೂಬ್ ಸ್ಟೇಷನ್ನಿನ ಎಸ್ಕಲೇಟರಿನಲ್ಲಿ ನಿಲ್ಲುವವರು ಬಲಗಡೆ ನಿಲ್ಲಬೇಕು, ಅವಸರದವರಿಗೆ ಎಡಗಡೆ ಬಿಡಬೇಕು. ಮೊದಲ ವಾರ ಬೈಸಿಕೊಂಡೆ. ನಾಲ್ಕನೇ ತಿಂಗಳಲ್ಲಿ ಎಡಗಡೆ ನಿಂತ ಪ್ರವಾಸಿಯನ್ನು ಕಂಡು ನನಗೇ ಸಿಟ್ಟು ಬಂತು. ಊರು ಕಾಲಿಗೆ ಇಳಿಯುವುದು ಅಂದರೆ ಇದು. ಯಾವ ಬೋಗಿ ಹತ್ತಿದರೆ ಇಳಿಯುವಾಗ ಮೆಟ್ಟಿಲು ಎದುರಿಗೇ ಬರುತ್ತದೆ, ಈಸ್ಟ್ ಹ್ಯಾಮಿನ ಯಾವ ಅಂಗಡಿಯಲ್ಲಿ ತೆಂಗಿನಕಾಯಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಯಾರೂ ವಿಚಿತ್ರವಾಗಿ ನೋಡುವುದಿಲ್ಲ, ಇಂಥವೆಲ್ಲ. ತಿಪಟೂರಿನವನು ಕಾಯಿ ಅಲ್ಲಾಡಿಸದೆ ಕೊಳ್ಳುವುದುಂಟೇ?

ನಾಲಿಗೆ ಇಷ್ಟು ಸಲೀಸಲ್ಲ. ವ್ಯಾಕರಣ ನಮಗೆ ಬರುತ್ತದೆ, ಮಾತಿನ ಹಿಂದಿನ ಮಾತು ಬರುವುದಿಲ್ಲ. ಆಫೀಸಿನಲ್ಲಿ ಎದುರು ಸಿಕ್ಕವರು ‘ಆಲ್ ರೈಟ್?’ ಅನ್ನುತ್ತಿದ್ದರು. ನನ್ನ ಮುಖ ಬಾಡಿದೆಯೇನೋ ಅಂದುಕೊಂಡು ರಾತ್ರಿ ನಿದ್ದೆ ಬರಲಿಲ್ಲ, ಹೀಟರ್ ಕೆಟ್ಟಿದೆ ಅಂತ ವಿವರಿಸುತ್ತಿದ್ದೆ. ಅಷ್ಟರಲ್ಲಿ ಅವರು ಲಿಫ್ಟಿನ ಹತ್ತಿರ ಹೋಗಿಬಿಟ್ಟಿರುತ್ತಿದ್ದರು. ಅದು ಪ್ರಶ್ನೆಯೇ ಅಲ್ಲ, ನಮ್ಮ ‘ಊಟ ಆಯ್ತಾ?’ ಇದ್ದ ಹಾಗೆ ಅಂತ ಗೊತ್ತಾಗಲು ಆರು ತಿಂಗಳು ಬೇಕಾಯಿತು. ಒಂದು ವ್ಯತ್ಯಾಸ ಇದೆ. ಊಟ ಆಯ್ತಾ ಅಂದವರಿಗೆ ಇಲ್ಲ ಅಂದರೆ ತಟ್ಟೆ ಬಂದುಬಿಡುವ ಅಪಾಯ ಉಂಟು.

ಹೊಸ ಮಾತು ಒಳಗೆ ಬರುತ್ತಾ ಹಳೆಯದನ್ನು ಸ್ವಲ್ಪ ಸರಿಸುತ್ತದೆ. ಊರಿಗೆ ಹೋದಾಗ ಅಮ್ಮ ನೀರು ಕೊಟ್ಟರೆ ಬಾಯಿತಪ್ಪಿ ‘ಥ್ಯಾಂಕ್ಸ್’ ಅಂದೆ. ‘ನಂಗ್ಯಾಕಪ್ಪ ಥ್ಯಾಂಕ್ಸು, ನಾನೇನು ಹೋಟ್ಲವಳಾ?’ ಅಂದಳು. ತಮಾಷೆಗೇ ಅಂದದ್ದು, ಆದರೂ ಲೋಟ ವಾಪಸ್ ತೆಗೆದುಕೊಂಡು ಹೋಗುವಾಗ ಮುಖ ಸಣ್ಣಗಿತ್ತು. ನಮ್ಮಲ್ಲಿ ಹತ್ತಿರದವರಿಗೆ ಥ್ಯಾಂಕ್ಸ್ ಹೇಳುವುದೆಂದರೆ ಅವರನ್ನು ಒಂದು ಹೆಜ್ಜೆ ಆಚೆ ನಿಲ್ಲಿಸಿದ ಹಾಗೆ. ಲಂಡನ್ನಿನಲ್ಲಿ ಹೇಳದಿದ್ದರೆ ಒರಟ.

ನನ್ನ ಕನ್ನಡವೂ ನಾನು ವಿಮಾನ ಹತ್ತಿದ ದಿನಕ್ಕೇ ನಿಂತಿದೆ. ಅಕ್ಕನ ಮಗ ನಾನು ‘ಸಖತ್’ ಅಂದರೆ ನಗುತ್ತಾನೆ. ಮಗಳದು ಬೇರೆಯೇ ಕಥೆ. ಇಲ್ಲೇ ಹುಟ್ಟಿದವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ. ಭಾನುವಾರದ ಕನ್ನಡ ತರಗತಿಗೆ ಹೋಗುತ್ತಾಳೆ, ಕಾಗುಣಿತ ಬರೆಯುತ್ತಾಳೆ. ಒಂದು ದಿನ ಮನೆಗೆ ಬಂದ ಅರವತ್ತು ದಾಟಿದ ಹಿರಿಯರೊಬ್ಬರಿಗೆ ‘ಅಂಕಲ್, ನೀನು ಕೂತ್ಕೋ’ ಅಂದಳು. ಅವರು ಬಿದ್ದು ಬಿದ್ದು ನಕ್ಕರು. ಇದು ತರಗತಿಯ ತಪ್ಪಲ್ಲ. ಮನೆಯಲ್ಲಿ ಮೂವರೂ ಒಬ್ಬರಿಗೊಬ್ಬರು ‘ನೀನು’ ಅನ್ನುತ್ತೇವೆ. ‘ನೀವು’ ಕಲಿಯಲು ಪಾಠ ಸಾಲದು, ಬೀದಿ ಬೇಕು. ಹಾಲಿನವರು, ಮೇಷ್ಟ್ರು, ಎದುರು ಮನೆ ಅಜ್ಜ, ಯಾರಿಗೆ ಯಾವುದು ಅಂತ ದಿನಾ ಕಿವಿಗೆ ಬೀಳಬೇಕು. ವಲಸೆ ಹೋದ ಮನೆಗಳಲ್ಲಿ ಮೂರನೇ ತಲೆಮಾರಿಗೆ ತಾಯ್ನುಡಿ ಜಾರಿಹೋಗುವುದನ್ನು ಭಾಷಾತಜ್ಞರು ಎಷ್ಟೋ ದೇಶಗಳಲ್ಲಿ ಗಮನಿಸಿದ್ದಾರೆ. ಜಾರುವುದು ಪದಗಳಿಗಿಂತ ಮೊದಲು ಈ ಸಂಬಂಧಗಳ ಅಳತೆ ಅನ್ನುವುದು ನಾನು ಮನೆಯಲ್ಲಿ ಕಂಡದ್ದು.

ಲಂಡನ್ನಿನ ಪಂಜಾಬಿಗಳಿಗೆ ಬೀದಿ ಇದೆ. ಸೌತಾಲ್ ರೈಲು ನಿಲ್ದಾಣದ ಬೋರ್ಡು ಗುರುಮುಖಿಯಲ್ಲೂ ಇದೆ. ವೈಟ್‌ಚಾಪೆಲ್ ನಿಲ್ದಾಣದಲ್ಲಿ 2022ರಿಂದ ಬಂಗಾಳಿ ಬೋರ್ಡು ಬಂದಿದೆ. ಈಸ್ಟ್ ಹ್ಯಾಮಿನಲ್ಲಿ ತಮಿಳು ಕೇಳದೆ ನೂರು ಹೆಜ್ಜೆ ನಡೆಯಲಾಗದು. ಕನ್ನಡಿಗರು ಹಾಗೆ ಒಂದು ಕಡೆ ನೆಲೆ ನಿಂತಿಲ್ಲ. ಹ್ಯಾರೋ, ಹೌನ್ಸ್‌ಲೋ, ಕ್ರಾಯ್ಡನ್, ಆಚೆ ಸ್ಲೌ, ರೆಡಿಂಗ್ ಅಂತ ಚದುರಿದ್ದೇವೆ. ನಮಗೆ ಬೀದಿ ಇಲ್ಲ, ಕ್ಯಾಲೆಂಡರ್ ಇದೆ. ಯುಗಾದಿ, ದೀಪಾವಳಿ, ರಾಜ್ಯೋತ್ಸವ. 1980ರ ದಶಕದಿಂದ ಇರುವ ಕನ್ನಡ ಬಳಗವೂ ಆಮೇಲೆ ಹುಟ್ಟಿದ ಸಂಘಗಳೂ ವರ್ಷಕ್ಕೆ ಕೆಲವು ದಿನ ಬಾಡಿಗೆಯ ಹಾಲಿನೊಳಗೆ ಊರು ಕಟ್ಟುತ್ತವೆ. ಯುಗಾದಿ ಬುಧವಾರ ಬಂದರೆ ಮುಂದಿನ ಶನಿವಾರಕ್ಕೆ ತಳ್ಳುತ್ತಾರೆ, ಪಂಚಾಂಗಕ್ಕೂ ಇಲ್ಲಿ ವೀಕೆಂಡ್ ಬೇಕು. ಬೆಳಗ್ಗೆ ಶಾಲೆಯ ಜಿಮ್ ಆಗಿದ್ದದ್ದು ಮಧ್ಯಾಹ್ನ ಬಿಸಿಬೇಳೆ ಬಾತಿನ ವಾಸನೆಯಲ್ಲಿ ಚಾಮರಾಜಪೇಟೆ. ಸಂಜೆ ಆರಕ್ಕೆ ಕುರ್ಚಿ ಮಡಿಸಿ, ನೆಲ ಒರೆಸಿ, ಕೀ ವಾಪಸ್ ಕೊಡಬೇಕು. ಊರನ್ನು ಹೀಗೆ ಬಿಚ್ಚಿ ಜೋಡಿಸುವುದು ದಣಿವಿನ ಕೆಲಸ. ಅದನ್ನು ವರ್ಷಗಟ್ಟಲೆ ಸುಮ್ನೆ ಮಾಡಿಕೊಂಡು ಬಂದವರನ್ನು ಕಂಡರೆ ನನಗೆ ಗೌರವ. ನಾನು ಕುರ್ಚಿ ಮಡಿಸುವ ಹೊತ್ತಿಗೆ ಜಾಗ ಖಾಲಿ ಮಾಡುವವರ ಪೈಕಿ.

ಎದುರಿನವರ ಕಣ್ಣು

ಜಾನ್ ಬೆರ್ರಿ ಅನ್ನುವ ಕೆನಡಾದ ಮನಶ್ಶಾಸ್ತ್ರಜ್ಞರು ವಲಸಿಗರ ಬದುಕನ್ನು ಎರಡು ಪ್ರಶ್ನೆಗೆ ಇಳಿಸಿದರು. ನಿನ್ನದನ್ನು ಉಳಿಸಿಕೊಳ್ಳಬೇಕು ಅನಿಸುತ್ತದಾ? ಇಲ್ಲಿನವರ ಜೊತೆ ಬೆರೆಯಬೇಕು ಅನಿಸುತ್ತದಾ? ಎರಡಕ್ಕೂ ಹೌದು ಅಂದರೆ ಕೂಡಿ ಬಾಳುವುದು. ಮೊದಲನೆಯದು ಬೇಡ, ಎರಡನೆಯದು ಸಾಕು ಅಂದರೆ ಕರಗಿ ಹೋಗುವುದು. ತಿರುಗಾಮುರುಗಾ ಆದರೆ ತಮ್ಮಷ್ಟಕ್ಕೆ ತಾವು ಉಳಿಯುವುದು. ಎರಡೂ ಇಲ್ಲವಾದರೆ ಎಲ್ಲೂ ಸಲ್ಲದೆ ಅಂಚಿಗೆ ಬೀಳುವುದು. ಈ ನಾಲ್ಕು ಮನೆಯ ಚೌಕ ಎಲ್ಲ ಕಡೆ ಪಾಠವಾಗುತ್ತದೆ. ಅದರ ಜೊತೆ ಬೆರ್ರಿ ಹೇಳಿದ ಇನ್ನೊಂದು ಮಾತು ಅಷ್ಟು ಓಡಾಡುವುದಿಲ್ಲ. ಯಾವ ಮನೆಗೆ ಹೋಗಬೇಕು ಅನ್ನುವುದು ವಲಸಿಗರ ಕೈಯಲ್ಲಿ ಮಾತ್ರ ಇರುವುದಿಲ್ಲ. ನೆಲದವರು ಬಾಗಿಲು ತೆಗೆದರೆ ತಾನೇ ಕೂಡಿ ಬಾಳುವುದು?

ಬಾಗಿಲಲ್ಲಿ ನಿಂತು ಪರೀಕ್ಷೆ ಮಾಡಿದವರೂ ಇದ್ದಾರೆ. 1990ರಲ್ಲಿ ನಾರ್ಮನ್ ಟೆಬಿಟ್ ಅನ್ನುವ ಕನ್ಸರ್ವೇಟಿವ್ ರಾಜಕಾರಣಿ, ಬ್ರಿಟನ್ನಿನ ಏಷ್ಯನ್ನರು ಕ್ರಿಕೆಟ್ಟಿನಲ್ಲಿ ಯಾವ ತಂಡಕ್ಕೆ ಕೂಗುತ್ತಾರೆ ಅನ್ನುವುದರಿಂದ ಅವರ ನಿಷ್ಠೆ ತಿಳಿಯುತ್ತದೆ ಅನ್ನುವ ಅರ್ಥದ ಮಾತಾಡಿದರು. ಅದಕ್ಕೆ ‘ಕ್ರಿಕೆಟ್ ಟೆಸ್ಟ್’ ಅಂತಲೇ ಹೆಸರಾಯಿತು. ನಾನು ಓವಲ್ ಮೈದಾನದಲ್ಲಿ ಭಾರತಕ್ಕೆ ಕೂಗುತ್ತೇನೆ. ಭಾರತ ಆಡದ ದಿನ ಇಂಗ್ಲೆಂಡಿಗೆ ಕೂಗುತ್ತೇನೆ, ಆಸ್ಟ್ರೇಲಿಯಾ ಎದುರು ಆಡಿದರೆ ಗಂಟಲು ಬಿದ್ದುಹೋಗುವಷ್ಟು ಕೂಗುತ್ತೇನೆ. ಪಾಸೋ ಫೇಲೋ ಗೊತ್ತಿಲ್ಲ. ಗಂಡನ ಮನೆಗೆ ಹೋದ ಮಗಳು ತವರಿನ ಹಬ್ಬಕ್ಕೆ ಕುಣಿದರೆ ಅತ್ತೆ ಮನೆಗೆ ದ್ರೋಹ ಅನ್ನುವವರ ತರ್ಕ ಇದು. ಅಂಥ ಅತ್ತೆಯರು ನಮ್ಮಲ್ಲೂ ಕಮ್ಮಿಯಿಲ್ಲ.

ಕಣ್ಣು ಬದಲಾಗಲು ಎಷ್ಟು ಕಾಲ ಬೇಕು ಅನ್ನುವುದನ್ನು ನೋಡಬೇಕಾದರೆ ಪೂರ್ವ ಲಂಡನ್ನಿನ ಬ್ರಿಕ್ ಲೇನಿಗೆ ಹೋಗಬೇಕು. ಫೋರ್ನಿಯರ್ ಸ್ಟ್ರೀಟ್ ಸೇರುವ ಮೂಲೆಯಲ್ಲಿ ಒಂದು ಇಟ್ಟಿಗೆಯ ಕಟ್ಟಡ ಇದೆ. 1743ರಲ್ಲಿ ಕಟ್ಟಿದ್ದು. ಕಟ್ಟಿದವರು ಫ್ರಾನ್ಸಿನಿಂದ ಓಡಿಬಂದ ಪ್ರೊಟೆಸ್ಟೆಂಟರು, ಹ್ಯೂಗೆನಾಟ್ ಅಂತ ಕರೆಯುತ್ತಿದ್ದರು. ‘ರೆಫ್ಯೂಜಿ’ ಅನ್ನುವ ಪದ ಇಂಗ್ಲಿಷಿಗೆ ಬಂದದ್ದೇ ಅವರ ಜೊತೆ. ರೇಷ್ಮೆ ನೇಯುತ್ತಿದ್ದರು. ಅವರ ಮಕ್ಕಳು ಮೊಮ್ಮಕ್ಕಳು ಊರಲ್ಲಿ ಕರಗಿದರು. ಕಟ್ಟಡ ಮುಂದೆ ಮೆಥಡಿಸ್ಟ್ ಪ್ರಾರ್ಥನಾ ಮಂದಿರವಾಯಿತು. 1890ರ ದಶಕದ ಕೊನೆಗೆ, ರಷ್ಯಾ ಸಾಮ್ರಾಜ್ಯದ ಹಿಂಸೆಯಿಂದ ತಪ್ಪಿಸಿಕೊಂಡು ಬಂದ ಯಹೂದಿಗಳ ಸಿನಗಾಗ್ ಆಯಿತು. ಅವರು ಉತ್ತರ ಲಂಡನ್ನಿಗೆ ಸರಿದರು. 1976ರಲ್ಲಿ ಸಿಲ್ಹೆಟ್ಟಿನಿಂದ ಬಂದ ಬಾಂಗ್ಲಾದೇಶಿಗಳು ಅದನ್ನು ಮಸೀದಿ ಮಾಡಿಕೊಂಡರು. ಗೋಡೆ ಅದೇ. ಮೇಲೆ 1743ರ ನೆರಳು ಗಡಿಯಾರ ಇವತ್ತಿಗೂ ಇದೆ. ಅದರ ಮೇಲಿನ ಲ್ಯಾಟಿನ್ ಮಾತಿನ ಅರ್ಥ ‘ನಾವು ನೆರಳುಗಳು’.

ಇದನ್ನು ಚೆಂದದ ಕಥೆಯಾಗಿ ಹೇಳಿ ಬಿಡುವವರು ಹತ್ತು ನಿಮಿಷ ನಡೆದು ವೈಟ್‌ಚಾಪೆಲ್ಲಿನ ಪಾರ್ಕಿಗೂ ಹೋಗಬೇಕು. ಮಸೀದಿ ಆದ ಎರಡೇ ವರ್ಷಕ್ಕೆ, 1978ರ ಮೇ 4ರ ಸಂಜೆ, ಅಲ್ತಾಬ್ ಅಲಿ ಅನ್ನುವ ಬಾಂಗ್ಲಾದೇಶಿ ಯುವಕ ಬಟ್ಟೆ ಕಾರ್ಖಾನೆಯ ಕೆಲಸ ಮುಗಿಸಿ ಮನೆಗೆ ಹೋಗುತ್ತಿದ್ದ. ಬಣ್ಣ ನೋಡಿ ಮೇಲೆ ಬಿದ್ದವರು ಆ ಪಾರ್ಕಿನ ಹತ್ತಿರ ಅವನನ್ನು ಚುಚ್ಚಿ ಕೊಂದರು. ಹತ್ತು ದಿನದ ಮೇಲೆ ಸಾವಿರಾರು ಜನ ಅವನ ಶವಪೆಟ್ಟಿಗೆಯ ಹಿಂದೆ ಲಂಡನ್ನಿನ ನಡುಮಧ್ಯಕ್ಕೆ ನಡೆದರು. ಅಷ್ಟು ದಿನ ತಲೆ ತಗ್ಗಿಸಿ ಓಡಾಡುತ್ತಿದ್ದವರು ಇದು ನಮ್ಮ ಬೀದಿ ಕೂಡ ಅಂತ ಗಟ್ಟಿಯಾಗಿ ಹೇಳಿದ್ದು ಆಗ. ಪಾರ್ಕಿಗೆ ಅಲ್ತಾಬ್ ಅಲಿಯ ಹೆಸರಿಟ್ಟದ್ದು 1998ರಲ್ಲಿ. ಲೆಸ್ಟರಿನ ದೀಪಾವಳಿಯಾಗಲಿ, ಬ್ರಿಕ್ ಲೇನಿನ ಕರಿ ಅಂಗಡಿಗಳಾಗಲಿ, ಅವುಗಳ ತಳದಲ್ಲಿ ಇಂಥ ಜಗಳವೂ ಇದೆ. ಕಣ್ಣು ಬರೀ ಕಾದರೆ ತೆರೆಯುವುದಿಲ್ಲ. ನಾನು ಆರಾಮಾಗಿ ಟ್ಯೂಬಿನಲ್ಲಿ ಕನ್ನಡ ಮಾತಾಡಿಕೊಂಡು ಹೋಗುತ್ತೇನಲ್ಲ, ಅದರ ಖರ್ಚನ್ನು ಬೇರೆಯವರು ಕೊಟ್ಟಿದ್ದಾರೆ.

2021ರ ಜನಗಣತಿ ಪ್ರಕಾರ ಲಂಡನ್ನಿನ ಹತ್ತು ಜನರಲ್ಲಿ ನಾಲ್ವರು ಬ್ರಿಟನ್ನಿನ ಆಚೆ ಹುಟ್ಟಿದವರು. ಹಾಗಾಗಿ ಈ ನಗರದಲ್ಲಿ ಒಂದು ವಿಚಿತ್ರ ಆಗುತ್ತದೆ. ‘ನಾನು ಬ್ರಿಟಿಷ್’ ಅನ್ನಲು ನಾಲಿಗೆ ಏಳದವರೂ ‘ನಾನು ಲಂಡನ್ನಿನವನು’ ಅಂತ ಸಲೀಸಾಗಿ ಅನ್ನುತ್ತಾರೆ. ದೇಶ ಕೇಳುವಷ್ಟು ದಾಖಲೆ ನಗರ ಕೇಳುವುದಿಲ್ಲ. ನಾನೂ ಹಾಗೇ ಅನ್ನುವುದು. ನಮ್ಮ ಭಾಷೆಯಲ್ಲೂ ದೇಶಕ್ಕಿಂತ ಊರು ಹತ್ತಿರದ ಪದ ಅಲ್ವಾ?

ಬೇಸರ ಬಂದ ದಿನ ನಾನು ಥೇಮ್ಸ್ ನದಿಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿಗೆ ಹೋಗುತ್ತೇನೆ. ಅಲ್ಲಿ ಬಸವಣ್ಣನ ಪ್ರತಿಮೆ ಇದೆ. ಕಲಬುರಗಿ ಜಿಲ್ಲೆಯಿಂದ ಬಂದು ಲ್ಯಾಂಬೆತ್ ಪ್ರದೇಶದ ಮೇಯರ್ ಆಗಿದ್ದ ಡಾ. ನೀರಜ್ ಪಾಟೀಲರು ಮುಂದೆ ನಿಂತು ಮಾಡಿಸಿದ್ದು. ಪ್ರಧಾನಿ ನರೇಂದ್ರ ಮೋದಿ 2015ರ ನವೆಂಬರ್ 14ರಂದು ಅನಾವರಣ ಮಾಡಿದರು. ನದಿಯ ಆಚೆ ದಡದಲ್ಲಿ ಪಾರ್ಲಿಮೆಂಟು. ‘ಇಲ್ಲಿ ಸಲ್ಲುವರು ಅಲ್ಲಿಯೂ ಸಲ್ಲುವರಯ್ಯಾ’ ಅಂದವರು ಬಸವಣ್ಣ. ‘ಸಲ್ಲು’ ಅನ್ನುವುದು ನಾಣ್ಯಕ್ಕೆ ಹೇಳುವ ಮಾತು, ಮನುಷ್ಯರಿಗೂ ಹೇಳುತ್ತೇವೆ. ಅಲ್ಲಿ ಓಡಾಡುವ ಹೆಚ್ಚಿನವರಿಗೆ ಅದು ಯಾರ ಪ್ರತಿಮೆ ಅಂತ ಗೊತ್ತಿರುವುದಿಲ್ಲ. ಪಕ್ಕದ ಬೆಂಚಿನಲ್ಲಿ ಸ್ಯಾಂಡ್‌ವಿಚ್ ತಿಂದು ಎದ್ದು ಹೋಗುತ್ತಾರೆ. ಮೊದಮೊದಲು ಅದು ಬೇಜಾರು ತರಿಸುತ್ತಿತ್ತು. ಈಗ ಇಲ್ಲ. ಯಾರೂ ತಿರುಗಿ ನೋಡದಿರುವುದೂ ಊರಿನವರಾದ ಒಂದು ಲಕ್ಷಣ. ಮೆಜೆಸ್ಟಿಕ್ಕಿನಲ್ಲಿ ನನ್ನನ್ನು ಯಾರು ತಿರುಗಿ ನೋಡುತ್ತಾರೆ?

ಪೌರತ್ವದ ಫಾರಂ ಅರ್ಧ ತುಂಬಿ ಹಾಗೇ ಇದೆ. ಅದಕ್ಕೂ ದಿನಗಳ ಲೆಕ್ಕ ಬೇಕು, ಐದು ವರ್ಷದಲ್ಲಿ ಸಾಮಾನ್ಯವಾಗಿ 450 ಮೀರಬಾರದು, ಕೊನೆಯ ವರ್ಷದಲ್ಲಿ 90. ಹೊರಟ ದಿನವನ್ನೂ ಬಂದಿಳಿದ ದಿನವನ್ನೂ ಹಿಡಿಯುವುದಿಲ್ಲ, ನಡುವಿನ ಪೂರ್ತಿ ದಿನಗಳು ಮಾತ್ರ. ಕಳೆದ ಆಗಸ್ಟಿನಲ್ಲಿ ತಿಪಟೂರಿಗೆ ಹೋಗಿ ಬಂದೆ. ವಾಪಸ್ ಬಂದು ಹಾಳೆ ತೆಗೆದು ಬರೆದೆ: ಅಮ್ಮನ ಕಣ್ಣಿನ ಪೊರೆ, 20.

ತಿಪಟೂರಿನ ಅಡುಗೆಮನೆಯಲ್ಲಿ ಕೊಬ್ಬರಿ ಮಂಡಿಯವರು ಕೊಟ್ಟ ಕ್ಯಾಲೆಂಡರ್ ಇದೆ. ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ, ಎಲ್ಲ ಅದರ ಮೇಲೆ. ನಾನು ಹೊರಟ ಮೇಲೆ ತಂಗಿ ಅದರ ಫೋಟೋ ಕಳಿಸಿದ್ದಳು. ಆಗಸ್ಟಿನ ಮನೆಗಳಲ್ಲಿ ಅಮ್ಮ ಪೆನ್ಸಿಲಿನಿಂದ ಒಂದೊಂದು ಗೀಟು ಎಳೆದಿದ್ದಾಳೆ, ಪಕ್ಕದಲ್ಲಿ ‘ಮನೇಲಿದ್ದ’ ಅಂತ ಬರೆದಿದ್ದಾಳೆ. ಗೀಟು ಎಣಿಸಿದೆ. ಇಪ್ಪತ್ತು. ಲೆಕ್ಕ ತಾಳೆಯಾಗುತ್ತದೆ.